ಬೂದು ಬಣ್ಣದ ಬೆಳಕು

ಆಕಾಶ ನೋಡಲು ಜನ ಟಿಕೆಟ್ ತೆಗೆದುಕೊಳ್ಳುತ್ತಾರೆ ಎಂಬುದು ನನಗೆ ನ್ಯೂಜಿಲೆಂಡಿಗೆ ಬಂದ ಮೇಲೆ ತಿಳಿಯಿತು. ನಮ್ಮ ಕೊಪ್ಪಳದ ಕಡೆ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದರೆ ಅದು ಪುಕ್ಕಟೆ ಸಿಗುತ್ತಿತ್ತು, ಸೊಳ್ಳೆಗಳ ಸಮೇತ. ಇಲ್ಲಿ ಅದಕ್ಕೊಂದು ದೋಣಿ, ದೋಣಿಗೊಬ್ಬ ಯಜಮಾನ, ಎಲ್ಲರಿಗೂ ಲೈಫ್ ಜಾಕೆಟ್, ಜೊತೆಗೆ ಬೆಳಕು ಕಾಣದಿದ್ದರೆ ನಾವು ಹೊಣೆಯಲ್ಲ ಎಂಬ ಒಂದು ಸಾಲು. ಆ ಸಾಲನ್ನು ನಾನು ನನ್ನ ತಂಗಿಗೆ ಮತ್ತೆ ಮತ್ತೆ ಓದಿ ಹೇಳಿದೆ. ನಾನು ಓದಿದ್ದು ಏಳನೆಯ ಇಯತ್ತೆ, ಅದೂ ಕನ್ನಡ ಶಾಲೆಯಲ್ಲಿ. ಆದರೆ ಯಾವ ಭಾಷೆಯಲ್ಲಾದರೂ ಜನ ಜಾರಿಕೊಳ್ಳುವ ಮಾತನ್ನು ಬೇಗ ಗುರುತು ಹಿಡಿಯುತ್ತೇನೆ. ನಾನೂ ಆ ಜಾತಿಯವನೇ.

ನಾವು ಪಿಂಜಾರರು. ಮನೆಮಾತು ಕನ್ನಡ, ನಮಾಜು ಅರಬಿಯಲ್ಲಿ, ಅಪ್ಪನ ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ತಂಗಿ ಓದುವುದರಲ್ಲಿ ಚುರುಕು, ನಾನು ಗಾದಿಯ ಮೇಲೆ ಮಲಗುವುದರಲ್ಲಿ. ಅವಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಕ್ರೈಸ್ಟ್‌ಚರ್ಚಿನ ಆಸ್ಪತ್ರೆಯೊಂದಕ್ಕೆ ಬಂದಳು. ಬಂದವಳು ಸುಮ್ಮನಿರಲಿಲ್ಲ. ಊರ ಹೊರಗಿನ ಕುರಿಮಾಂಸದ ಕಾರ್ಖಾನೆಗೆ ಹಲಾಲ್ ಮಾಡಲು ಮುಸಲ್ಮಾನರು ಬೇಕಾಗಿದ್ದಾರೆ ಎಂದು ತಿಳಿದು ನನ್ನನ್ನೂ ಕರೆಸಿಕೊಂಡಳು. ಆ ಕೆಲಸಕ್ಕೆ ಬಿಸ್ಮಿಲ್ಲಾ ಅನ್ನಲು ಬರಬೇಕಿತ್ತು, ಕತ್ತಿಯ ಹರಿತ ತಿಳಿದಿರಬೇಕಿತ್ತು. ಡಿಗ್ರಿ ಯಾರೂ ಕೇಳಲಿಲ್ಲ. ರಿಕ್ಕರ್ಟನ್ನಿನ ದೊಡ್ಡ ಮಾಲಿನ ಹಿಂದೆ ಎರಡು ಕೋಣೆಯ ಮನೆ ಹಿಡಿದಿದ್ದೆವು. ಅವಳು ಆಸ್ಪತ್ರೆಯಲ್ಲಿ ಜೀವ ಉಳಿಸಿ ಬರುತ್ತಿದ್ದಳು, ನಾನು ಕಾರ್ಖಾನೆಯಲ್ಲಿ ಜೀವ ತೆಗೆದು ಬರುತ್ತಿದ್ದೆ. ಸಂಜೆ ಇಬ್ಬರೂ ಒಂದೇ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದೆವು.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಅವಳಿಗೆ ಕುವೈತಿನಲ್ಲಿರುವ ಇಂಜಿನಿಯರೊಬ್ಬರ ಜೊತೆ ಮದುವೆ ಗೊತ್ತಾಯಿತು. ಚಳಿಗಾಲ ಮುಗಿಯುವುದರೊಳಗೆ ಹೊರಡಬೇಕು. ಸೀರೆ ಬೇಕೇ, ಬಂಗಾರ ಬೇಕೇ ಎಂದು ಕೇಳಿದರೆ ಬೇಡ ಎಂದಳು. ಅವಳ ವಾರ್ಡಿನಲ್ಲಿ ಚಹಾ ಕುಡಿಯುವ ಕೋಣೆಯ ಗೋಡೆಗೆ ಒಂದು ಪೋಸ್ಟರ್ ಇತ್ತಂತೆ. ಕಪ್ಪನೆಯ ಸಮುದ್ರ, ಅದರ ಮೇಲೆ ಆಕಾಶದಿಂದ ಇಳಿಬಿದ್ದ ಹಸಿರು ಪರದೆ. ರಾತ್ರಿ ಪಾಳಿಯಲ್ಲಿ ಅದನ್ನು ನೋಡಿ ನೋಡಿ ಇವಳಿಗೆ ಹುಚ್ಚು ಹಿಡಿದಿತ್ತು.

"ಕುವೈತಿಗೆ ಹೋದ್ರ ಅಲ್ಲೇನೈತಿ ಅಣ್ಣಾ, ಬರೇ ಉಸುಕು. ಇದೊಂದು ಕಣ್ಣಾರೆ ನೋಡಿ ಹೋಗ್ತೀನಿ" ಎಂದಳು.

ನಾನು ಸಾಕಷ್ಟು ಹಂಗಿಸಿದೆ. ಧ್ರುವದ ಕಡೆಯ ಆಕಾಶದಲ್ಲಿ ಕೆಲವು ರಾತ್ರಿ ತಾನಾಗಿ ಮೂಡುವ ಬೆಳಕಂತೆ ಅದು; ಜಗತ್ತೆಲ್ಲ ಹೆಸರಾದದ್ದು ಉತ್ತರದ ಬೆಳಕು. ಈ ದೇಶದಲ್ಲಿ ಎಲ್ಲವೂ ತಿರುವುಮುರುವು: ಜೂನಿನಲ್ಲಿ ಚಳಿ, ಉತ್ತರಕ್ಕೆ ಮುಖ ಮಾಡಿದ ಮನೆಗೆ ಬಿಸಿಲು, ಬೆಳಕು ನೋಡಿದರೆ ದಕ್ಷಿಣದ್ದು. ಅಸಲಿ ಮಾಲು ನಾರ್ವೆಯಲ್ಲಿದೆ, ಇದು ಡೂಪ್ಲಿಕೇಟು, ಡೂಪ್ಲಿಕೇಟಿಗೆ ಇಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಿದೆ. ಅವಳು ನಕ್ಕು ನನಗೂ ಸೇರಿಸಿ ಜಾಗ ಗೊತ್ತುಮಾಡಿ ಬಂದಳು.

ನನ್ನನ್ನು ಕರೆದುಕೊಂಡು ಹೋಗಲು ಅವಳಿಗೆ ಒಂದು ಕಾರಣವಿತ್ತು. ಊರಲ್ಲಿದ್ದಾಗ ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಚಂದ್ರ ಕಂಡಿತೇ ಎಂದು ಓಣಿಯ ಹಿರಿಯರು ಮೊದಲು ಕೇಳುತ್ತಿದ್ದುದು ನನ್ನನ್ನು. ನನ್ನ ಕಣ್ಣು ಅಷ್ಟು ಚುರುಕು. ಕ್ರೈಸ್ಟ್‌ಚರ್ಚಿನ ಮಸೀದಿಯಲ್ಲಿ ಇದೇ ವಿಷಯಕ್ಕೆ ಎರಡು ಪಕ್ಷ. ಒಂದು ಪಕ್ಷ ಅರಬ್ ದೇಶಕ್ಕೆ ಫೋನು ಮಾಡಿ ಹಬ್ಬ ಮಾಡುತ್ತಿತ್ತು, ಇನ್ನೊಂದು ಪಕ್ಷ ಕಣ್ಣಾರೆ ಕಾಣದೆ ಬಾಯಿಗೆ ಸೇವಿಗೆ ಹಾಕುತ್ತಿರಲಿಲ್ಲ. ಕಣ್ಣಿನ ಪಕ್ಷದವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿಸುತ್ತಿದ್ದರು. ಡಾಕ್ಟರುಗಳು, ಕಾಲೇಜಿನಲ್ಲಿ ಪಾಠ ಹೇಳುವವರು ಬಾಯಿ ಮುಚ್ಚಿಕೊಂಡು ನನ್ನ ಬೆರಳಿನ ತುದಿ ನೋಡುತ್ತಿದ್ದರು. ಬೇರೆ ಯಾವ ವಿಷಯಕ್ಕೂ ನನ್ನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಆ ಒಂದು ಸಂಜೆ ಮಾತ್ರ ನಾನು ಹೇಳಿದ ಮೇಲೆ ಹಬ್ಬ. ಸಾಕ್ಷಿ ಹೇಳುವವನು ಸುಳ್ಳು ಹೇಳದವನಾಗಿರಬೇಕು ಎಂಬುದು ಅದರ ಷರತ್ತು. ನಾನು ಅದರಲ್ಲಿ ಪಾಸಾಗಿದ್ದೆ.

ದೇಶದ ದಕ್ಷಿಣದ ತುದಿಯಲ್ಲಿರುವ ಬ್ಲಫ್ ಎಂಬ ಊರಿನಿಂದ ದೋಣಿ ಹೊರಡಬೇಕಿತ್ತು. ಅಲ್ಲಿಗೆ ಇಡೀ ದಿನದ ಕಾರಿನ ದಾರಿ. ದಾರಿಯುದ್ದಕ್ಕೂ ಮೋಡ ಕಂಡಾಗಲೆಲ್ಲ ನಾನು ತೋರಿಸಿ, ಅಗೋ ನಿನ್ನ ಪರದೆ ಎನ್ನುತ್ತಿದ್ದೆ. ದೋಣಿಯ ಯಜಮಾನ ಆ ಚಳಿಯಲ್ಲಿ ಚಡ್ಡಿ ಹಾಕಿಕೊಂಡು ಮೊಣಕಾಲುದ್ದದ ರಬ್ಬರ್ ಬೂಟಿನಲ್ಲಿ ನಿಂತಿದ್ದ. ನಮ್ಮ ಜೊತೆ ವೆಲ್ಲಿಂಗ್ಟನ್ನಿನ ವಯಸ್ಸಾದ ಗಂಡ ಹೆಂಡತಿ ಇದ್ದರು, ಇಬ್ಬರೂ ನಿವೃತ್ತ ಶಿಕ್ಷಕರು. ದೋಣಿ ಜಲಸಂಧಿ ದಾಟಿ ಸ್ಟುವರ್ಟ್ ದ್ವೀಪದ ಒಂದು ಕೊಲ್ಲಿಯಲ್ಲಿ ರಾತ್ರಿ ನಿಂತು ಬೆಳಿಗ್ಗೆ ಹಿಂದಿರುಗುವುದು ಎಂದು ಏರ್ಪಾಡು.

ವಾಂತಿಯಾಗದಿರಲಿ ಎಂದು ತಂಗಿ ಎಲ್ಲರಿಗೂ ಗುಳಿಗೆ ಹಂಚಿದಳು. ತಾನು ಮಾತ್ರ ತೆಗೆದುಕೊಳ್ಳಲಿಲ್ಲ. ಗುಳಿಗೆ ನುಂಗಿದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಬೆಳಕು ತಪ್ಪುತ್ತದೆ ಎಂದು ಅವಳ ಲೆಕ್ಕ. ಜಲಸಂಧಿಯ ನಡುವೆ ದೋಣಿ ಎದ್ದು ಬಿದ್ದು ಹೋಗುವಾಗ ಅವಳು ಕಂಬಿ ಹಿಡಿದುಕೊಂಡು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದಳು. ನನಗೆ ಏನೂ ಆಗಲಿಲ್ಲ. ದಿನವಿಡೀ ರಕ್ತದ ವಾಸನೆಯಲ್ಲಿ ನಿಲ್ಲುವ ಹೊಟ್ಟೆ ಅಲೆಗೆಲ್ಲ ಹೆದರುವುದಿಲ್ಲ.

ಕೊಲ್ಲಿ ಸೇರಿದ ಮೇಲೆ ನೀರು ಶಾಂತವಾಯಿತು. ಯಜಮಾನ ಊಟಕ್ಕೆ ಒಂದು ಕಡಲಹಕ್ಕಿಯನ್ನು ಬೇಯಿಸಿ ತಂದಿಟ್ಟ. ಉಪ್ಪಿನಲ್ಲಿ ಇಟ್ಟು ತೆಗೆದ, ಕೊಬ್ಬು ಸುರಿಯುವ ಹಕ್ಕಿ; ಆ ಕಡೆಯವರಿಗೆ ಅದು ದೊಡ್ಡ ಮರ್ಯಾದೆಯ ಊಟವಂತೆ. ಇದನ್ನು ಕೊಯ್ದವರು ಯಾರು, ಹೇಗೆ ಕೊಯ್ದರು ಎಂದು ನಾನು ಕೇಳಿದೆ. ನನ್ನ ಕಸುಬೇ ಅದು, ಇನ್ನೇನು ಕೇಳಲಿ. ಅವನಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಕೇಳಿದೆ. ತಂಗಿ ಬಿಳಿಚಿಕೊಂಡ ಮುಖದಲ್ಲೇ ನಕ್ಕು, ಶಿಕ್ಷಕ ದಂಪತಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು: ನನ್ನ ಅಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಪ್ರೈಮರಿ ಮಾತ್ರ ಓದಿದ್ದಾನೆ, ಎಲ್ಲಿ ಹೋದರೂ ಹೀಗೇ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಅಷ್ಟು ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಅವಳು ತಿಳಿದಿರಬೇಕು. ಅವರು ಕೆಟ್ಟದಾಗಿ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗನನ್ನು ನೋಡಿ ಮೇಷ್ಟರು ನಗುವಂತೆ ದಯೆಯಿಂದ ನಕ್ಕರು. ಆ ಹೆಂಗಸು ಬುಟ್ಟಿಯನ್ನು ನನ್ನ ಕಡೆ ಸರಿಸಿ, ನಿಧಾನವಾಗಿ, ಗಟ್ಟಿಯಾಗಿ, ಬೆರಳು ಮಾಡಿ ತೋರಿಸಿ ಬ್ರೆಡ್ ಎಂದಳು. ಬ್ರೆಡ್ ನನಗೆ ಗೊತ್ತಿತ್ತು.

ಆ ಬ್ರೆಡ್ಡನ್ನು ತಿಂದೆ. ಆಮೇಲೆ ದೋಣಿಯ ಮೂಲೆಯಲ್ಲಿ ರಾತ್ರಿಯ ಇಶಾ ನಮಾಜು ಮುಗಿಸಿ, ಕೈಯೆತ್ತಿ, ಇವತ್ತು ಆಕಾಶದಲ್ಲಿ ಏನೂ ಕಾಣದಿರಲಿ ಎಂದು ಕೇಳಿಕೊಂಡೆ. ತಂಗಿಯ ಮದುವೆಗೂ ನಾನು ಅಷ್ಟು ಮನಸಿಟ್ಟು ದುವಾ ಮಾಡಿರಲಿಲ್ಲ.

ತಂಗಿಗೆ ಕೂರಲೂ ಆಗುತ್ತಿರಲಿಲ್ಲ. ದೋಣಿಯ ಕೆಳಗಿನ ಸಣ್ಣ ಕೋಣೆಯಲ್ಲಿ, ತಲೆಯ ಪಕ್ಕ ಬಕೆಟ್ ಇಟ್ಟುಕೊಂಡು ಮಲಗಿದಳು. ಹೊದಿಕೆ ಸರಿಮಾಡಿ ನಾನು ಹೊರಡುವಾಗ ತೋಳು ಹಿಡಿದುಕೊಂಡಳು.

"ಅಣ್ಣಾ, ನಿನ್ನ ಕಣ್ಣು ಚುರುಕು. ನೀ ಮ್ಯಾಲೆ ಇರು. ಏನರ ಕಂಡ್ರ ನನ್ನ ಎಬ್ಬಸು. ಹೆಂಗಿದ್ರೂ ಎದ್ದು ಬರ್ತೀನಿ."

ಹೂಂ ಎಂದೆ.

ಮೇಲೆ ನಾಲ್ವರೂ ಕಂಬಳಿ ಹೊದ್ದು ಕೂತೆವು. ಬಹಳ ಹೊತ್ತು ಏನೂ ಇಲ್ಲ. ಶಿಕ್ಷಕ ದಂಪತಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿದರು, ನನಗೂ ಕೊಟ್ಟರು. ನನ್ನ ದುವಾ ಕಬೂಲಾಯಿತು ಎಂದುಕೊಳ್ಳುವಷ್ಟರಲ್ಲಿ ದಕ್ಷಿಣದ ಗುಡ್ಡದ ಹಿಂದೆ ಬೆಳ್ಳಗೆ ಏನೋ ಕಂಡಿತು. ಎಲ್ಲರಿಗಿಂತ ಮೊದಲು ಕಂಡದ್ದು ನನಗೇ. ದೂರದಲ್ಲಿ ಒಂದು ಪೇಟೆಯ ದೀಪಗಳು ಹೊತ್ತಿಕೊಂಡರೆ ಆಕಾಶ ತಿಳಿಯಾಗುತ್ತದಲ್ಲ, ಹಾಗೆ. ಆದರೆ ಆ ದಿಕ್ಕಿನಲ್ಲಿ ಊರೇ ಇಲ್ಲ, ಬರೀ ಸಮುದ್ರ. ಚಂದ್ರನ ವಿಷಯದಲ್ಲಿ ಕಲಿತ ಪಾಠ, ಖಾತ್ರಿಯಾಗುವ ತನಕ ಬಾಯಿ ಬಿಡಬಾರದು. ಮೋಡವಿರಬೇಕು ಎಂದು ಸುಮ್ಮನೆ ಕೂತೆ. ಇಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ. ಆಮೇಲೆ ಆ ಮೋಡ ಎದ್ದು ನಿಂತಿತು. ಉದ್ದುದ್ದ ಕಂಬಗಳಾಗಿ ನಿಂತು ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಸರಿಯತೊಡಗಿತು. ಬಣ್ಣ ಎಂಬುದು ಇಲ್ಲ. ಅಪ್ಪ ಹತ್ತಿ ಹಿಂಜುವಾಗ ಬಾಗಿಲಿನಿಂದ ಬೀಳುವ ಬಿಸಿಲಿನಲ್ಲಿ ಎಳೆ ಎಳೆಯಾಗಿ ತೇಲುತ್ತಿತ್ತಲ್ಲ, ಆ ಬೂದು. ಹೀಗೇ ಇರುತ್ತದೆ, ಹಸಿರು ಕ್ಯಾಮೆರಾಕ್ಕೆ ಮಾತ್ರ ಸಿಗುತ್ತದೆ, ಇಷ್ಟು ಮಂದ ಬೆಳಕಿನಲ್ಲಿ ಮನುಷ್ಯನ ಕಣ್ಣಿಗೆ ಬಣ್ಣ ತಿಳಿಯುವುದು ಕಷ್ಟ ಎಂದು ಯಜಮಾನ ಹೇಳಿದ. ಹೇಳಿದವನು ನನ್ನ ಭುಜ ತಟ್ಟಿ, ಹೋಗು, ನಿನ್ನ ತಂಗಿಯನ್ನು ಎಬ್ಬಿಸಿಕೊಂಡು ಬಾ ಎಂದ.

ಏಣಿ ಇಳಿದು ಹೋದೆ. ಎಬ್ಬಿಸಲೆಂದೇ ಇಳಿದೆ, ಇಷ್ಟು ಮಾತ್ರ ನಂಬಬೇಕು. ಬಾಗಿಲು ಸರಿಸಿದ ಸದ್ದಿಗೆ ಅವಳೇ ತಲೆಯೆತ್ತಿದಳು.

"ಬಂತಾ?"

ಇಷ್ಟೇ ಕೇಳಿದ್ದು. ಅವಳ ಧ್ವನಿಯಲ್ಲಿದ್ದ ಆಸೆ ಕೇಳಿ ನನಗೆ ಮರುಕ ಬರಬೇಕಿತ್ತು. ಬದಲಿಗೆ ಬ್ರೆಡ್ಡಿನ ಬುಟ್ಟಿ ನೆನಪಾಯಿತು. ಈಗ ಹೌದು ಎಂದರೆ ಅವಳು ಮೇಲೆ ಬರುತ್ತಾಳೆ, ಆ ದಂಪತಿಗಳ ನಡುವೆ ನಿಂತು ಇಂಗ್ಲಿಷಿನಲ್ಲಿ ಸಂತೋಷಪಡುತ್ತಾಳೆ, ನನ್ನ ಅಣ್ಣ ನಂಬಿರಲೇ ಇಲ್ಲ ಎಂದು ಅವರಿಗೆ ಹೇಳುತ್ತಾಳೆ, ಅವರು ಮತ್ತೆ ದಯೆಯಿಂದ ನಗುತ್ತಾರೆ.

"ಏನಿಲ್ಲ. ಮ್ವಾಡ ಕವಿದೈತಿ. ಸುಮ್ನ ಮಲ್ಕೊ" ಎಂದೆ.

ನಂಬಿದಳು. ಮಗ್ಗಲು ಬದಲಿಸಿ ಕಣ್ಣು ಮುಚ್ಚಿದಳು. ಮೇಲೆ ಹೋಗಿ ಯಜಮಾನನಿಗೆ, ಅವಳಿಗೆ ತಲೆ ಎತ್ತಲೂ ಆಗುತ್ತಿಲ್ಲ ಎಂದೆ. ಒಂದೇ ಏಣಿಗೆ ಎರಡು ಸುಳ್ಳು, ಇಳಿದಾಗ ಒಂದು, ಹತ್ತಿದಾಗ ಒಂದು. ಬೆಳಕು ಆಮೇಲೂ ಸಾಕಷ್ಟು ಹೊತ್ತು ಇತ್ತು. ಮತ್ತೆ ಹೋಗಿ ಎಬ್ಬಿಸಬಹುದಿತ್ತು, ಈಗಷ್ಟೇ ಬಂತು ಎನ್ನಬಹುದಿತ್ತು. ನಾನು ಕೂತಲ್ಲೇ ಕೂತು ಪೂರ್ತಿ ನೋಡಿದೆ. ಶಿಕ್ಷಕಿ ಅಳುತ್ತಿದ್ದಳು, ಅವಳ ಗಂಡ ಕೈ ಹಿಡಿದುಕೊಂಡಿದ್ದ. ನನಗೆ ಚಳಿಯಾಗುತ್ತಿತ್ತು.

ಮಾಡಿದ ಕೆಲಸ ಒಂದು ರಾತ್ರಿಯಾದರೂ ಮುಚ್ಚಿಟ್ಟುಕೊಳ್ಳಲು ಬುದ್ಧಿ ಬೇಕು. ಅದನ್ನೂ ನಾನು ಏಳನೆಯ ಇಯತ್ತೆಗೇ ಬಿಟ್ಟಿದ್ದೆ. ಬೆಳಿಗ್ಗೆ ಬ್ಲಫ್‌ನಲ್ಲಿ ಇಳಿಯುವಾಗ ಯಜಮಾನ ಅವಳ ಕೈ ಹಿಡಿದು ಇಳಿಸುತ್ತ, ಪಾಪ, ಅಷ್ಟು ಚೆಂದದ್ದು ನಿನಗೆ ತಪ್ಪಿಹೋಯಿತಲ್ಲ, ನಿನಗೆ ಏಳಲೂ ಆಗುತ್ತಿರಲಿಲ್ಲವೆಂದು ನಿನ್ನ ಅಣ್ಣ ಹೇಳಿದ ಎಂದ. ಅವಳು ಥ್ಯಾಂಕ್ಯೂ ಎಂದಳು. ನನ್ನ ಕಡೆ ನೋಡಿದಳು. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಆಡುತ್ತಿದ್ದೆ, ಪ್ರೈಮರಿಯ ಮಾತು ಎತ್ತುತ್ತಿದ್ದೆ, ಲೆಕ್ಕ ಸಮ ಮಾಡುತ್ತಿದ್ದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು.

ಅರ್ಧ ದಾರಿ ಕಳೆದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು, "ಹೆಂಗಿತ್ತು?"

ಈಗಲಾದರೂ ನಿಜ ಹೇಳೋಣ ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮೊದಲು ಗುಡ್ಡದ ಹಿಂದೆ ಬೆಳ್ಳಗಾದದ್ದು, ಕಂಬಗಳು, ಅವು ಸರಿದದ್ದು, ಹತ್ತಿಯ ಬೂದು.

"ಬೂದಿ ಬಣ್ಣ?"

"ಹೌದು ತಂಗಿ. ಹಸರು ಕ್ಯಾಮೆರಾಕ್ಕ ಅಷ್ಟ ಕಾಣ್ತೈತಂತ. ಕಣ್ಣಿಗೆ ಕಾಣಂಗಿಲ್ಲ."

"ನಿನ್ನ ಕಣ್ಣಿಗೆ?" ಎಂದಳು. "ಎಳೀ ಚಂದ್ರ ಕಾಣೋ ಕಣ್ಣಿಗೆ ಹಸರು ಕಾಣಂಗಿಲ್ಲ? ನಾ ಹೊಟ್ಟಿ ಉರಕೋಬಾರ್ದಂತ ಇನ್ನೂ ಸುಳ್ಳು ಹೇಳ್ತಿ ಏನಣ್ಣಾ."

ಆ ರಾತ್ರಿಯ ಬಗ್ಗೆ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು. ಅದನ್ನೇ ಅವಳು ನಂಬಲಿಲ್ಲ.

ಕೆಲವು ವಾರಗಳಲ್ಲಿ ಅವಳು ಹೊರಟಳು. ದೂರ ಹೋಗುವವರು ಆಡಿದ ಮಾತು, ಕೇಳಿದ ಮಾತು ಎಲ್ಲವನ್ನೂ ಮಾಫ್ ಮಾಡಿ ಎಂದು ಎಲ್ಲರಲ್ಲೂ ಕೇಳಿಕೊಂಡು ಹೋಗುವುದು ನಮ್ಮ ರಿವಾಜು. ವಿಮಾನ ನಿಲ್ದಾಣಕ್ಕೆ ಬಂದಿದ್ದ ಆಂಟಿಗಳು, ಅಂಕಲ್‌ಗಳು ಎಲ್ಲರಲ್ಲೂ ಕೇಳಿ, ಕೊನೆಗೆ ನನ್ನಲ್ಲೂ ಕೇಳಿದಳು. ಕೇಳಬೇಕಾದವನು ನಾನು. ನಾನು ದೊಡ್ಡ ಮನಸ್ಸಿನವನಂತೆ ಅವಳ ತಲೆ ಮೇಲೆ ಕೈಯಿಟ್ಟು, ಮಾಫ್ ಎಂದೆ.

ಕುವೈತಿಗೆ ಹೋದ ಹೊಸತರಲ್ಲಿ ಒಮ್ಮೆ ಫೋನಿನಲ್ಲಿ ಮತ್ತೆ ಕೇಳಿದಳು, ಈಗಾದರೂ ನಿಜ ಹೇಳು, ಹಸಿರಿತ್ತಾ ಎಂದು. ಕಾಲಿಂಗ್ ಕಾರ್ಡಿನ ಸಮಯ ಮುಗಿಯುತ್ತ ಬಂದಿತ್ತು. ಹೌದು, ಹಸಿರೇ, ನಿನ್ನ ಪೋಸ್ಟರಿನ ಹಾಗೆಯೇ ಎಂದೆ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ನನಗೆ ಗೊತ್ತಿತ್ತು ಎಂದಳು. ಆ ದಿನದಿಂದ ನಮ್ಮಿಬ್ಬರ ಮಾತು ಮೊದಲಿನಂತಾಯಿತು. ಆಮೇಲೆ ಹಬ್ಬ ಬಂದಾಗಲೆಲ್ಲ ಅವಳು ಗಂಡನ ಮನೆಯವರಿಗೆ ಫೋನು ಕೊಟ್ಟು, ನನ್ನ ಅಣ್ಣ ಕಣ್ಣಾರೆ ಕಂಡಿದ್ದಾನೆ, ಕೇಳಿ ಎನ್ನುತ್ತಾಳೆ. ನಾನು ಹೇಳುತ್ತೇನೆ. ಈಗೀಗ ಹಸಿರಿನ ಅಂಚಿಗೆ ಸ್ವಲ್ಪ ಕೆಂಪನ್ನೂ ಸೇರಿಸುತ್ತಿದ್ದೇನೆ.

ಹೋದ ಬಕ್ರೀದಿಗೆ ಫೋನು ಅವಳ ಮಗಳ ಕೈಗೆ ಹೋಯಿತು. ಹುಡುಗಿಗೆ ಈಗ ಪ್ರಶ್ನೆ ಕೇಳುವ ವಯಸ್ಸು. ಎಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು, ಅಮ್ಮನೂ ಅದೇ ದೋಣಿಯಲ್ಲಿದ್ದಳಲ್ಲ ಮಾಮಾ, ಅವಳು ಯಾಕೆ ನೋಡಲಿಲ್ಲ?

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ತಂಗಿಯ ಧ್ವನಿ ಬಂತು.

"ಮಾಮಾ ಬಂದು ಎಬ್ಬಿಸಿದ್ದ. ನನಗಽ ಏಳಾಕ ಆಗಲಿಲ್ಲ."

ಮಗು ನನ್ನನ್ನು ಕೇಳಿತು, ಹೌದಾ ಮಾಮಾ?

ನಾನು ಹೌದು ಎಂದೆ.