ಒಂದು ಗಂಟೆ ಬಸ್ಸಿನ ಸುಳ್ಳು

ಮೊನ್ನೆ ರಾಗಿಹಿಟ್ಟಿನ ಡಬ್ಬ ಸರಿಸಿದೆ. ಹಿಂದಿನ ಗೋಡೆಗೆ ಒಂದು ಹಳದಿ ಚೀಟಿ ಅಂಟಿಕೊಂಡಿತ್ತು. ಅಂಗೈಯಷ್ಟು ಅಗಲದ್ದು, ಒಂದು ಮೂಲೆಯನ್ನು ಜಿರಲೆ ತಿಂದಿತ್ತು. ಬರೆದದ್ದು ಮಾತ್ರ ಹಾಗೇ ಇತ್ತು. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಸಂಘದ ಹೆಂಗಸರ ಜೊತೆ ಕೂತು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ‘ಅಜ್ಜಿ: ಒಂದು ಗಂಟೆ ಬಸ್. ಮುಳಬಾಗಿಲಲ್ಲಿ ನಾಲ್ಕು ಗಂಟೆ ಬಸ್.’ ಕೆಳಗೆ ಒಂದು ಫೋನ್ ನಂಬರು. ಓದಿ ಮುಗಿಸಿ ಡಬ್ಬವನ್ನು ಮತ್ತೆ ಅದರ ಮುಂದಕ್ಕೆ ಸರಿಸಿಬಿಟ್ಟೆ. ಏಕೆಂದರೆ ಅದು ಸುಳ್ಳು. ಹೇಳಿದವಳು ನಾನೇ.

ಬಸ್ಸಿನ ವಿಷಯದಲ್ಲಿ ಸುಳ್ಳು ಹೇಳುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಇದೆ, ತಾಳಿ.

ನಾನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ಆರಿಸುವವಳು. ದೊಡ್ಡದು, ಸಣ್ಣದು, ಮಚ್ಚೆ ಬಿದ್ದದ್ದು ಎಂದು ಬೇರೆ ಮಾಡಿ ಕ್ರೇಟಿಗೆ ತುಂಬುವ ಕೆಲಸ. ನನ್ನ ತಂಗಿ ಚಿನ್ನಮ್ಮನನ್ನು ಕೊಟ್ಟಿರುವುದು ಮುಳಬಾಗಿಲಿನಿಂದ ಆಚೆ, ಆಂಧ್ರದ ಕಡೆಗಿರುವ ಒಂದು ಸಣ್ಣ ಊರಿಗೆ. ಅಲ್ಲಿ ಅರ್ಧ ಮಾತು ತೆಲುಗು. ಕೆಲವು ವರ್ಷದ ಹಿಂದೆ ಅವಳ ಮೊಮ್ಮಗಳಿಗೆ ಮೈತುಂಬ ಅಮ್ಮ ಎದ್ದು, ಮಗು ಕಣ್ಣೇ ಬಿಡದೆ ಮಲಗಿತ್ತು. ನಾನು ಅಷ್ಟೇನೂ ದೇವರು ದಿಂಡರು ಅನ್ನುವವಳಲ್ಲ. ಆದರೂ ಆ ದಿನ ಬಾಯಿಗೆ ಬಂದುಬಿಟ್ಟಿತು: ಮಗು ಎದ್ದು ಓಡಾಡಿದರೆ ನಿಮ್ಮೂರ ಗಂಗಮ್ಮನಿಗೆ ಮೂರು ವರ್ಷ ತಪ್ಪದೆ ನನ್ನ ತಲೆಯ ಮೇಲೆ ತಂಬಿಟ್ಟಿನ ದೀಪ ಹೊರುತ್ತೇನೆ. ಅಕ್ಕಿಹಿಟ್ಟು ಬೆಲ್ಲ ಕಲಸಿ ಮಾಡುವ ದೀಪ ಅದು. ನಡುವೆ ಗುಳಿ ಮಾಡಿ ತುಪ್ಪ ಬಿಟ್ಟು ಬತ್ತಿ ಹಚ್ಚುತ್ತಾರೆ. ಮಗು ಎದ್ದಿತು. ಹೇಳಿದ ಮೇಲೆ ಹೊರಲೇಬೇಕು.

ಹೊರುವುದು ಕಷ್ಟವಲ್ಲ. ಹೊತ್ತಿಗೆ ಮುಂಚೆ ಊರು ಸೇರುವುದು ಕಷ್ಟ. ನಮ್ಮ ಕಡೆ ಬೇಸಿಗೆಯ ಊರಹಬ್ಬಕ್ಕೆ ಕ್ಯಾಲೆಂಡರಿನಲ್ಲಿ ತಾರೀಖು ಇರುವುದಿಲ್ಲ. ಹಿರಿಯರು ಕೂತು, ಯಾರ ಮನೆಯಲ್ಲಿ ಸೂತಕ, ಯಾರ ಮನೆಯಲ್ಲಿ ಬಾಣಂತಿ, ಮಾವು ಇಳಿಸುವುದು ಯಾವಾಗ ಎಂದೆಲ್ಲ ನೋಡಿ ಒಂದು ದಿನ ಗೊತ್ತುಮಾಡುತ್ತಾರೆ. ಆಮೇಲೆ ತಮಟೆ ಬಡಿಸಿ ಸಾರುತ್ತಾರೆ. ಚಿನ್ನಮ್ಮನ ಊರಿನಲ್ಲಿ ಇನ್ನೊಂದು ಕಟ್ಟಳೆ. ಹಬ್ಬದ ಹಿಂದಿನ ಸಂಜೆ ಹೊತ್ತು ಮುಳುಗುವಾಗ ಊರ ದಾರಿಗೆ ಅಡ್ಡವಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಎಲ್ಲೆ ಕಟ್ಟುವುದು ಅನ್ನುತ್ತಾರೆ ಅದಕ್ಕೆ. ಕಟ್ಟಿದ ಮೇಲೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಮರುದಿನ ದೀಪ ಮುಗಿಯುವವರೆಗೆ ಯಾರೂ ದಾಟುವಂತಿಲ್ಲ.

ಹಾಗಾದರೆ ಯಾವ ಊರಿನ ಹಬ್ಬ ಯಾವತ್ತು ಎಂದು ತಿಳಿಯುವುದು ಹೇಗೆ? ಬಾಬು ಸಾಬಿಯನ್ನು ಕೇಳಬೇಕು. ಬಸ್ ಸ್ಟ್ಯಾಂಡ್ ಹತ್ತಿರ ಅವನ ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿ. ದಿನ ಗೊತ್ತಾದ ತಕ್ಷಣ ಊರಿನವರು ಮೊದಲು ಓಡಿಬರುವುದು ಹಂಡೆಗೆ, ಆಮೇಲೆ ತಮಟೆಗೆ. ದೇವರಿಗಿಂತ ಮುಂಚೆ ಬಾಬು ಸಾಬಿಗೆ ಗೊತ್ತಿರುತ್ತದೆ. ಚಿನ್ನಮ್ಮನ ಊರಿಗೆ ಪ್ರತಿ ವರ್ಷ ಅವನದೇ ಪಾತ್ರೆ. ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ ಅವನ ಟೆಂಪೋ ಹೊರಡುತ್ತದೆ, ದಾರಿಯಲ್ಲಿ ನಾಲ್ಕು ಕಡೆ ಪಾತ್ರೆ ಇಳಿಸಿಕೊಂಡು ಸಂಜೆಯೊಳಗೆ ಊರು ಸೇರುತ್ತದೆ. ನಾನು ಹೋಗುತ್ತಿದ್ದದ್ದು ಅದರಲ್ಲೇ, ಹಿಂದುಗಡೆ, ಬೋರಲು ಹಾಕಿದ ಹಂಡೆಯ ಮೇಲೆ ಒಂದು ಗೋಣಿಚೀಲ ಹಾಸಿಕೊಂಡು. ಮೊದಲನೆಯ ದೀಪಕ್ಕೆ ಹಾಗೇ ಹೋದೆ. ಹಳ್ಳ ಬಂದಾಗಲೆಲ್ಲ ಸೌಟುಗಳು ಕುಣಿಯುತ್ತಿದ್ದವು, ನಾನೂ ಕುಣಿಯುತ್ತಿದ್ದೆ. ಆದರೆ ಹೊತ್ತಿಗೆ ಮುಂಚೆ ತಲುಪಿದೆ.

ಎರಡನೆಯ ವರ್ಷ ಈ ಚೀಟಿ ಬರೆದ ಹುಡುಗಿ ಬಂದಳು. ಹೆಸರು ಶ್ರುತಿ, ಮೈಸೂರಿನ ಕಡೆಯವಳು. ಬೇಸಿಗೆಯಲ್ಲಿ ಹಬ್ಬದ ಊರುಗಳಿಗೆ ಹೋಗುವವರಿಗೆ ದಾರಿ ಹೇಳುವಂಥದ್ದನ್ನು ಫೋನಿನಲ್ಲಿ ಮಾಡುವ ಕಂಪನಿಯವಳು. ಸಂಘದವರು ನನ್ನ ಮನೆ ತೋರಿಸಿದ್ದರು, ಒಂಟಿ ಹೆಂಗಸು, ಮಲಗುವುದಕ್ಕೆ ಜಾಗವಿದೆ ಎಂದು. ಆರು ದಿನ ಇದ್ದಳು.

“ಆಫೀಸಲ್ಲಿ ಕೂತ್ಕೊಂಡ್ ಮಾಡಿದ್ರೆ ಯಾರಿಗೂ ಆಗಿಬರಲ್ಲ ಅಜ್ಜಿ. ಜನ ನಿಜವಾಗ್ಲೂ ಹೆಂಗ್ ಓಡಾಡ್ತಾರೆ ಅಂತ ಜೊತೇಲಿದ್ದು ನೋಡ್ಬೇಕು. ನೀವು ದಿನಾ ಹೆಂಗಿರ್ತೀರೋ ಹಂಗೇ ಇರಿ. ನಾನಿಲ್ಲ ಅಂದ್ಕೊಳ್ಳಿ.”

“ಇಷ್ಟುದ್ದ ಕಾಲು ಚಾಚ್ಕೊಂಡು ಬಾಗ್ಲಿಗೆ ಅಡ್ಡ ಕೂತಿದ್ದೀಯಲ್ಲೇ, ಇಲ್ಲ ಅಂತ ಹೆಂಗ್ ಅಂದ್ಕೊಳ್ಳೋದು?”

ನಕ್ಕಳು. ನಕ್ಕಿದ್ದನ್ನೂ ಬರೆದುಕೊಂಡಳೇನೋ. ಏನು ಮಾಡಿದರೂ ಬರೆಯುತ್ತಿದ್ದಳು, ಹಳದಿ ಚೀಟಿಗಳಲ್ಲಿ, ಕಳೆದರೆ ಸಿಗಲಿ ಎಂದು ಕೆಳಗೆ ತನ್ನ ಫೋನ್ ನಂಬರು ಹಾಕಿ. ಬರೆದು ಗೋಡೆಗೆ, ಕಪಾಟಿಗೆ, ನೀರಿನ ಡ್ರಮ್ಮಿಗೆ ಅಂಟಿಸುತ್ತಿದ್ದಳು, ಸಂಜೆ ಎಲ್ಲ ಕಿತ್ತು ಪುಸ್ತಕಕ್ಕೆ ಸೇರಿಸುತ್ತಿದ್ದಳು. ಸಲಹೆ ಕೊಡುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ, ಅದು ಅವಳ ಕೆಲಸದ ಕಟ್ಟಳೆ. ನಮ್ಮ ಎಲ್ಲೆ ಕಟ್ಟುವ ಹಾಗೆ ಅವಳೂ ಬಾಯಿಗೆ ಒಂದು ಹಗ್ಗ ಕಟ್ಟಿಕೊಂಡಿದ್ದಳು.

ನೋಡುವವರಿದ್ದರೆ ಮನುಷ್ಯ ಕೆಟ್ಟುಹೋಗುತ್ತಾನೆ ಸ್ವಾಮಿ. ದಿನವೂ ಬೆಳಗ್ಗೆ ನಾನು ತಿನ್ನುವುದು ತಂಗಳು ಮುದ್ದೆ, ಮಜ್ಜಿಗೆಯಲ್ಲಿ ಕಿವುಚಿಕೊಂಡು. ಏನು ತಿಂಡಿ ಮಾಡ್ತೀರಿ ಎಂದು ಅವಳು ಕೇಳಿದಾಗ ಬಾಯಿಂದ ಬಂದದ್ದು ಉಪ್ಪಿಟ್ಟು. ಸರಿ, ಆರು ದಿನ ಉಪ್ಪಿಟ್ಟು ತಿಂದೆ. ಎರಡು ಹೊತ್ತು ಕಸ ಗುಡಿಸಿದೆ. ಮಂಡಿಗೆ ಒಳ್ಳೆಯ ಸೀರೆ ಉಟ್ಟು ಹೋಗಿ ಮಾವಿನ ಸೊನೆಯ ಕಲೆ ಮಾಡಿಕೊಂಡೆ. ಅವಳು ನೋಡಿ ಬರೆದುಕೊಂಡದ್ದು ನನ್ನನ್ನಲ್ಲ. ನನ್ನ ಮನೆಯಲ್ಲಿ ಇನ್ಯಾರೋ ಒಬ್ಬ ಮರ್ಯಾದಸ್ತ ಅಜ್ಜಿ ಆರು ದಿನ ಇದ್ದು ಹೋದಳು, ಅವಳನ್ನು.

“ಹಬ್ಬಕ್ಕೆ ಹೆಂಗ್ ಹೋಗ್ತೀರಿ ಅಜ್ಜಿ?” ಎಂದಾಗಲೂ ಹಾಗೇ ಆಯಿತು. ಹಂಡೆ ಮೇಲೆ ಕೂತ್ಕೊಂಡು ಹೋಗ್ತೀನಿ ಅನ್ನುವುದಕ್ಕೆ ನಾಲಗೆ ಹೊರಳಲಿಲ್ಲ. ಒಂದು ಗಂಟೆ ಬಸ್ ಅಂದೆ. ಮುಳಬಾಗಿಲಲ್ಲಿ ನಾಲ್ಕು ಗಂಟೆ ಬಸ್ ಅಂದೆ. ಆ ಎರಡು ಬಸ್ಸು ಇದ್ದದ್ದು ನಿಜ. ನಾನು ಒಂದು ಸಲವೂ ಹತ್ತಿರಲಿಲ್ಲ, ಅಷ್ಟೇ.

ಹೇಳಿದ ಮೇಲೆ ಹಾಗೇ ನಡೆಯಬೇಕಾಯಿತು. ತಂಬಿಟ್ಟನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿ ಮಡಿಲಲ್ಲಿಟ್ಟುಕೊಂಡು ಒಂದು ಗಂಟೆ ಬಸ್ ಹತ್ತಿದೆ. ಅವಳು ಪಕ್ಕದಲ್ಲಿ. ಮುಳಬಾಗಿಲಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ತುಪ್ಪ ಕರಗಿ ಡಬ್ಬಿಯ ಬಾಯಲ್ಲಿ ಜಿನುಗುತ್ತಿತ್ತು. ಕಾಯುತ್ತ ಕೂತೆವು. ಮೂರೂವರೆ ಹೊತ್ತಿಗೆ, ನೋಡಿ, ಬಾಬು ಸಾಬಿಯ ಟೆಂಪೋ ಗಡಗಡ ಅನ್ನುತ್ತ ಬಂದು ನಮ್ಮ ಮುಂದೆಯೇ ನಿಂತಿತು. ಅವನು ಕಿಟಕಿಯಿಂದ ಅರ್ಧ ಹೊರಗೆ ಬಂದ.

“ಕ್ಯಾ ಅಕ್ಕಾ, ಬೆಳಗ್ಗೆಯಿಂದ ನಿನ್ ಹಂಡೆ ಖಾಲಿ ಇಟ್ಕೊಂಡ್ ಬಂದಿದ್ದೀನಿ, ನೀನಿಲ್ ಕೂತಿದ್ದೀಯಾ? ಹತ್ತು ಹತ್ತು!”

ಬಸ್ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು. ಹುಡುಗಿಯ ಪೆನ್ನು ನಿಂತಿತು. “ಯಾವ್ ಹಂಡೆ? ನೀನ್ ಹೋಗಪ್ಪ, ನಮ್ಗೆ ಬಸ್ಸಿದೆ” ಅಂದೆ. ಅವನು ನನ್ನನ್ನೊಮ್ಮೆ ನೋಡಿದ, ಹುಡುಗಿಯನ್ನೊಮ್ಮೆ ನೋಡಿದ. “ದೊಡ್ಡೋರಾಗ್ಬಿಟ್ರು” ಅಂದು ಗೇರು ಹಾಕಿದ.

ನಾಲ್ಕಾಯಿತು, ನಾಲ್ಕೂವರೆಯಾಯಿತು. ನಾನು ಎದ್ದು ರಸ್ತೆ ನೋಡುವುದು, ಕೂರುವುದು, ನೆರಳು ಎಷ್ಟುದ್ದ ಬಿದ್ದಿದೆ ಎಂದು ನೋಡುವುದು. ಮಗುವಿನ ಮುಖ ಕಣ್ಣ ಮುಂದೆ. ಐದು ಗಂಟೆಗೆ ಹುಡುಗಿ ಪುಸ್ತಕ ಮುಚ್ಚಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಅಜ್ಜಿ, ಆ ಬಸ್ ಬರಲ್ಲ. ಮದ್ವೆಗೆ ಬಾಡ್ಗೆಗೆ ಹೋಗಿದೆಯಂತೆ. ನೀರು ತರಕ್ಕೆ ಹೋದಾಗ್ಲೇ ಹೋಟ್ಲಲ್ಲಿ ಮಾತಾಡ್ತಿದ್ರು.”

“ಅವಾಗ್ಲೇ ಗೊತ್ತಿತ್ತಾ? ಗೊತ್ತಿದ್ದೂ ಬಾಯಿ ಮುಚ್ಕೊಂಡ್ ಕೂತಿದ್ಯೇನೇ?”

“ನಾನು ನಡುವೆ ಮಾತಾಡ್ಬಾರ್ದು ಅಜ್ಜಿ. ನೀವೇನ್ ಮಾಡ್ತೀರಿ ಅಂತ ನೋಡ್ಬೇಕಿತ್ತು.”

“ನಾನೇನ್ ಮಾಡ್ತೀನಿ? ಸಾಯ್ತೀನಿ. ಬರ್ಕೋ.”

ಬೈದೆ, ನಿಜ. ಆದರೆ ಅವಳಿಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ, ನನಗೆ ಗೊತ್ತಿದ್ದೂ ಟೆಂಪೋ ಹತ್ತಲಿಲ್ಲ. ಅವಳು ನೋಡುವವಳು ಎಂದು ಕೆಟ್ಟಳು, ನಾನು ನೋಡಿಸಿಕೊಳ್ಳುವವಳು ಎಂದು ಕೆಟ್ಟೆ. ಹಬ್ಬದ ದಿನಗಳಲ್ಲಿ ಆಟೋ ಸಿಗುವುದು ಸುಲಭವಲ್ಲ. ಅವಳೇ ಓಡಾಡಿ ಒಂದನ್ನು ಹಿಡಿದು ತಂದಳು. ದಾರಿಯುದ್ದಕ್ಕೂ ಸೂರ್ಯ ನಮ್ಮ ಬೆನ್ನ ಹಿಂದೆ ಇಳಿಯುತ್ತಿದ್ದ. ನಾನು ತಿರುಗಿ ತಿರುಗಿ ನೋಡಿ ಕುತ್ತಿಗೆ ನೋಯಿಸಿಕೊಂಡೆ.

ಹೋಗಿ ಮುಟ್ಟಿದಾಗ ಹಗ್ಗ ಕಟ್ಟಿಯಾಗಿತ್ತು. ಹಸಿ ಬೇವಿನ ವಾಸನೆ. ಹಗ್ಗದಾಚೆ ಊರ ಯಜಮಾನ ನಿಂತಿದ್ದ. ಚಿನ್ನಮ್ಮನಿಗೆ ಮೈದುನನಾಗಬೇಕು.

“ಈಗ್ ತಾನೇ ಕಟ್ಟಿದ್ದಕ್ಕಾ. ಕಟ್ಟಿದ್ಮೇಲೆ ನನ್ ಹೆಂಡ್ತಿ ಬಂದ್ರೂ ಬಿಡಲ್ಲ.”

“ನಿನ್ ಹೆಂಡ್ತೀನ ಬಿಡ್ದೇ ಇರಕ್ಕೆ ನಿಂಗೊಂದು ಹಗ್ಗ ಸಿಕ್ಕಿದ್ದೇ ಪುಣ್ಯ. ನನ್ನ ಬಿಡಪ್ಪ, ಹರಕೆ ಇದೆ.”

ಅವನು ನಗಲಿಲ್ಲ. ಚಿನ್ನಮ್ಮ ಮಗುವಿನ ಕೈ ಹಿಡಿದುಕೊಂಡು ಓಡಿಬಂದಳು. “ಏಮಕ್ಕಾ ಇದಿ, ಬಾಬು ಅಣ್ಣ ಬಂದು ಎಷ್ಟೊತ್ತಾಯ್ತು, ನೀನೆಲ್ಲಿ ಹೋದೆ?” ಅವಳ ಹಿಂದೆ ಬಾಬು ಸಾಬಿ, ಕೈಯಲ್ಲಿ ಸೌಟು. ಗಂಗಮ್ಮನ ಎಲ್ಲೆಯೊಳಗೆ ಸಾಬಿ ಇದ್ದಾನೆ, ಹರಕೆ ಹೊತ್ತವಳು ಹೊರಗಿದ್ದೇನೆ. ಅವನು ಸೌಟನ್ನು ಬೆನ್ನ ಹಿಂದೆ ಹಿಡಿದುಕೊಂಡು ತಲೆ ತಗ್ಗಿಸಿದ. ಬೈದಿದ್ದರೆ ವಾಸಿಯಿತ್ತು.

ನಡುವೆ ತಪ್ಪಿದರೆ ಹಿಂದಿನದು ಲೆಕ್ಕಕ್ಕಿಲ್ಲ, ಮೂರು ವರ್ಷವನ್ನು ಮೊದಲಿನಿಂದ ಹೊರಬೇಕು ಎಂದ ಯಜಮಾನ. ತಂಬಿಟ್ಟನ್ನು ದಾರಿಯಲ್ಲಿ ಒಂದು ಹಸುವಿಗೆ ತಿನ್ನಿಸಿ ಅದೇ ಆಟೋದಲ್ಲಿ ವಾಪಸು ಬಂದೆವು. ಹುಡುಗಿ ಮೆಲ್ಲಗೆ ಕೇಳಿದಳು, “ಅಜ್ಜಿ, ಪ್ರತಿ ಸಲ ನೀವು ನಿಜವಾಗ್ಲೂ ಹೆಂಗ್ ಹೋಗ್ತಿದ್ರಿ?”

“ಇದೇ ಬಸ್ಸಲ್ಲೇ” ಅಂದೆ. ನನ್ನ ಹಟ ನೋಡಿ.

ಅದಾಗಿ ಮೂರು ವರ್ಷ. ಹೋದ ವರ್ಷ, ಅದರ ಹಿಂದಿನ ವರ್ಷ, ಎರಡೂ ದೀಪ ಹಂಡೆಯ ಮೇಲೆ ಕೂತು ಹೋಗಿ ಹೊತ್ತೆ, ಮಂಡಿಯವರಿಗೆ ಬಸ್ಸೆಂದು ಹೇಳಿ, ಯಾರಿಗೂ ಕಾಣದ ಹಾಗೆ ಮುಸುಕು ಹಾಕಿಕೊಂಡು. ಈ ವರ್ಷದ್ದು ಕೊನೆಯದು. ಮೊಣಕಾಲು ಈಗ ಎರಡು ಮೆಟ್ಟಿಲಿಗೇ ಜಗಳ ತೆಗೆಯುತ್ತದೆ. ಇದು ತಪ್ಪಿದರೆ ಮತ್ತೆ ಮೂರು ವರ್ಷ ಹೊರುವುದಕ್ಕೆ ನಾನು ಇರುವುದೂ ಸಂಶಯ. ಹದಿನೈದು ದಿನದಿಂದ ಬೆಳಗ್ಗೆ ಎದ್ದ ಕೂಡಲೇ ಎದೆ ಡವಡವ ಅನ್ನುತ್ತದೆ. ಮಗುವಿಗೆ ಈಗ ಏನೂ ಆಗಿಲ್ಲ, ಶಾಲೆಯಲ್ಲಿ ಎಲ್ಲರನ್ನೂ ಹೊಡೆಯುತ್ತಾಳಂತೆ. ಆದರೂ.

ಚೀಟಿ ಸಿಕ್ಕಿದ ಮರುದಿನವೇ ಮಂಡಿಯಲ್ಲಿ ಇನ್ನೊಂದಾಯಿತು. ನನ್ನ ಪಕ್ಕ ಕೂತು ಕಾಯಿ ಆರಿಸುವ ಜಯಮ್ಮ ಫೋನ್ ಹಿಡಿದುಕೊಂಡು ಬಂದಳು. ಅವಳ ಸೊಸೆಯ ತವರೂ ಚಿನ್ನಮ್ಮನ ಊರೇ.

“ನೋಡಕ್ಕಾ, ಇದು ಕೇಳಿದ್ರೆ ದಾರಿ ಹೇಳುತ್ತೆ. ಹಬ್ಬದ ಹಿಂದಿನ್ ದಿನ ಒಂದು ಗಂಟೆ ಬಸ್ಸಂತೆ, ಮುಳಬಾಗಿಲಲ್ಲಿ ನಾಲ್ಕು ಗಂಟೆ ಬಸ್ಸಂತೆ. ಸೊಸೆಗೆ ಏಳು ತಿಂಗ್ಳು, ಬಸ್ಸೇ ಸಲೀಸು.”

ಕೈಯಲ್ಲಿದ್ದ ಕಾಯಿ ಜಾರಿತು. ಅದು ನನ್ನ ಮಾತಿನಿಂದಲೇ ಫೋನಿಗೆ ಹೋಯಿತೋ, ಬಸ್ಸಿನವರ ಪಟ್ಟಿಯಿಂದ ಹೋಯಿತೋ ನನಗೇನು ಗೊತ್ತು. ನನಗೆ ಕೇಳಿಸಿದ್ದು ಮಾತ್ರ ನನ್ನದೇ ಸುಳ್ಳು. ಎಷ್ಟು ಜನರ ಕೈಯಲ್ಲಿ ಅದು ಕೂತಿದೆಯೋ, ಯಾರ್ಯಾರು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಆ ಬಿಸಿಲಲ್ಲಿ ನೆರಳು ಅಳೆಯುತ್ತಾರೋ. ಏಳು ತಿಂಗಳ ಬಸುರಿ ಆ ಹಗ್ಗದ ಹೊರಗೆ ನಿಂತದ್ದು ಕಣ್ಣಿಗೆ ಕಟ್ಟಿತು.

“ಆ ಬಸ್ ನಂಬ್ಬೇಡ ಕಣೇ” ಅಂದೆ.

“ಯಾಕೆ? ನೀನು ಹೋಗೋದು ಅದ್ರಲ್ಲೇ ಅಲ್ವಾ? ನೀನೇ ಹೇಳಿದ್ದೆ.”

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಇಪ್ಪತ್ತು ಹೆಂಗಸರು, ಇಪ್ಪತ್ತು ನಾಲಗೆ. “ಇಲ್ಲ” ಅಂದೆ. “ನಾನು ಹೋಗೋದು ಬಾಬು ಸಾಬಿ ಟೆಂಪೋದಲ್ಲಿ. ಹಂಡೆ ಮೇಲೆ ಕೂತ್ಕೊಂಡು. ಇಷ್ಟು ವರ್ಷವೂ ಅದ್ರಲ್ಲೇ.”

ನಕ್ಕರು. ನಗಲಿ ಎಂದೇ ಹೇಳಿದ್ದು. ಒಬ್ಬಳು ಮಾವಿನ ರಾಶಿಯ ಮೇಲೆ ಕೂತು ಕುಲುಕಾಡಿ ತೋರಿಸಿದಳು. ನಗು ನಿಂತ ಮೇಲೆ ಜಯಮ್ಮ ಕೇಳಿದಳು, “ಅದ್ರಲ್ಲಿ ಮುಂದೆ ಡ್ರೈವರ್ ಪಕ್ಕ ಸೀಟಿರುತ್ತಾ, ಸೊಸೆಗೆ?” ಇನ್ನೊಬ್ಬಳು, “ನಂಗೂ ಒಂದ್ ಹಂಡೆ ಹೇಳಕ್ಕಾ” ಅಂದಳು. ಸಂಜೆ ಅಂಗಡಿಗೆ ಹೋಗಿ ನಾಲ್ಕು ಜನ ಅಂದಾಗ ಬಾಬು ಸಾಬಿ ಹಣೆ ಚಚ್ಚಿಕೊಂಡ. “ಯಾ ಅಲ್ಲಾ, ಪಾತ್ರೆ ತುಂಬ್ಲೋ ನಿಮ್ಮನ್ ತುಂಬ್ಲೋ?” ಅಂದ. ಅಂದು, ಒಳಗೆ ಹೋಗಿ ಎತ್ತರದ ಒಂದು ಸ್ಟೂಲು ಹುಡುಕಿ ತಂದು ಟೆಂಪೋ ಪಕ್ಕ ಇಟ್ಟು ನನ್ನ ಮೊಣಕಾಲು ನೋಡಿದ.

ಮನೆಗೆ ಬಂದು ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಒಂದೊಂದು ಅಂಕಿಯನ್ನೂ ಚೀಟಿಗೆ ಬೆರಳಿಟ್ಟು ನೋಡಿ ಒತ್ತಿದೆ. ಹುಡುಗಿಯೇ ಎತ್ತಿದಳು. ಕ್ಷೇಮಸಮಾಚಾರ ಕೇಳಲಿಲ್ಲ. ಹಂಡೆಯ ವಿಷಯ ಹೇಳಿದೆ, ಶಾಮಿಯಾನದವನನ್ನು ಕೇಳದೆ ಯಾವ ಊರಹಬ್ಬದ ದಿನವೂ ತಿಳಿಯುವುದಿಲ್ಲ ಎಂದು ಹೇಳಿದೆ, ಎಲ್ಲೆ ಕಟ್ಟುವ ದಿನ ಯಾವ ಮುದುಕಿಯನ್ನೂ ಒಂದು ಗಂಟೆ ಬಸ್ಸಿಗೆ ಹತ್ತಿಸಬೇಡ ಎಂದೂ ಹೇಳಿದೆ.

“ಬರ್ಕೊಳ್ಳಾ ಅಜ್ಜಿ?”

“ಬರ್ಕೋ. ಉಪ್ಪಿಟ್ಟೂ ಹೊಡೆದ್ಹಾಕು. ತಂಗಳು ಮುದ್ದೆ ಅಂತ ಬರಿ.”

ನಾಳೆ ಹತ್ತಕ್ಕೆ ಗಾಡಿ. ತಂಬಿಟ್ಟು ಕಟ್ಟಿ ಡಬ್ಬಿಗೆ ಹಾಕಿದ್ದೇನೆ. ಎದೆ ಇನ್ನೂ ಡವಡವ ಅನ್ನುತ್ತಲೇ ಇದೆ. ಟೈರು ಹೋದರೆ, ಮೊಣಕಾಲು ಕೈಕೊಟ್ಟರೆ, ಎಂದು. ಈ ಸಲ ಮುಸುಕು ಮಾತ್ರ ಹಾಕಿಕೊಳ್ಳುವುದಿಲ್ಲ. ಗಾಳಿಗೆ ಅದು ಹಾರಿ ಕಣ್ಣಿಗೆ ಅಡ್ಡ ಬರುತ್ತದೆ. ನನಗೆ ದಾರಿಯುದ್ದಕ್ಕೂ ಸೂರ್ಯ ಕಾಣುತ್ತಿರಬೇಕು.