ತೊಳೆಯಬಾರದ ಗಾಲಿಗಳ ಕಾವಲುಗಾರ

ಫೆಬ್ರವರಿ 2003ರ ಒಂದು ಗುರುವಾರ, ಬೆಳಗಿನ ಆರು ಗಂಟೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಮಾಲ್ಟನ್ ಊರಿನ ಕೋಳಿಮಾಂಸದ ಫ್ಯಾಕ್ಟರಿಯೊಂದರ ಹಿಂಬದಿಯ ಶೆಡ್ಡಿನಲ್ಲಿ ಮುರಿಗೆಪ್ಪ ಟಾರ್ಚು ಹಿಡಿದು ಗಾಲಿ ನೋಡುತ್ತಿದ್ದಾರೆ. ಆಳಿಗಿಂತ ಎತ್ತರದ ನಾಲ್ಕು ಪ್ಲಾಸ್ಟಿಕ್ ಗಾಲಿಗಳು ಅರ್ಧದಷ್ಟು ಕೊಳೆನೀರಿನಲ್ಲಿ ಮುಳುಗಿ ನಿಧಾನಕ್ಕೆ ತಿರುಗುತ್ತಿವೆ. ಮೈತುಂಬ ಕಂದು ಲೋಳೆ. ಮುರಿಗೆಪ್ಪ ಬಗ್ಗಿ ಮೂಸುತ್ತಾರೆ.

"ಆರಾಮ ಅದಾವ್ರಿ," ಎನ್ನುತ್ತಾರೆ.

ಆರಾಮಾಗಿರುವುದು ಲೋಳೆಯೊಳಗಿನ ಬ್ಯಾಕ್ಟೀರಿಯಾ. ಅವರ ಬಾಯಲ್ಲಿ 'ಹುಳಾ'. ಕೋಳಿಯ ರಕ್ತ, ಕೊಬ್ಬು ಬೆರೆತ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಹಾಗೆಯೇ ಹಿಂದಿನ ತೊರೆಗೆ ಹೋದರೆ ಮೀನು ಸಾಯುತ್ತವೆ. ಗಾಲಿ ಮೇಲೆದ್ದಾಗ ಈ ಹುಳ ಗಾಳಿ ಕುಡಿಯುತ್ತವೆ, ಕೆಳಗಿಳಿದಾಗ ಅಮೋನಿಯಾ ತಿನ್ನುತ್ತವೆ. ಒಳಬರುವ ನೀರಿನಲ್ಲಿ ಲೀಟರಿಗೆ ನಲವತ್ತು ಮಿಲಿಗ್ರಾಂ. ಹೊರಹೋಗುವಾಗ ಐದು ದಾಟುವಂತಿಲ್ಲ. ಇವತ್ತು ಮೂರು.

ಐವತ್ತೆರಡರ ಮುರಿಗೆಪ್ಪ ಹುಬ್ಬಳ್ಳಿಯ ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಿರಣಿ ಮುಚ್ಚಿದ ಮೇಲೆ ಭಾವಮೈದುನನ ನೆರವಿನಿಂದ ಸಮುದ್ರ ದಾಟಿ ಈ ಚಳಿಯ ದೇಶಕ್ಕೆ ಬಂದರು. "ಲಿಂಗಾ ಕಟ್ಟಿದಾಂವ ಕೋಳಿ ಫ್ಯಾಕ್ಟರ್‍ಯಾಗ ಏನ್ ಮಾಡ್ತಿ ಅಂತ ನಮ್ಮ ಮಂದಿ ಕೇಳತಾರ. ನಾ ಎಲ್ಲಿ ತಿಂತೀನ್ರಿ? ನನ್ನ ಹುಳಾ ತಿಂತಾವ."

ಎಂಟಕ್ಕೆ ಹೊಸ ಮ್ಯಾನೇಜರ್ ಸತ್ಯಪ್ರಕಾಶ್ ಬರುತ್ತಾರೆ. ಬೆಂಗಳೂರಿನವರು, ಕಂಪನಿಯ ಮೆಡೋವೇಲಿನ ಆಫೀಸಿನಿಂದ ಇಲ್ಲಿಗೆ ಬಂದು ಹದಿನೈದು ದಿನ. ಶೆಡ್ಡಿಗೆ ಕಾಲಿಡುತ್ತಿರುವುದು ಇದೇ ಮೊದಲು.

"ಏನ್ರೀ ಇದು, ಇಷ್ಟು ಗಲೀಜು! ನಾಳೆ ಹೆಡ್ ಆಫೀಸಿಂದ ವಿಸಿಟರ್ಸ್ ಬರ್ತಿದಾರೆ. ಪ್ರೆಷರ್ ವಾಷರಲ್ಲಿ ಒಂದ್ಸಲ ಹೊಡೆದ್ಬಿಡಿ."

"ಆಗಂಗಿಲ್ರಿ ಸರ್."

"ಆಗಲ್ಲ ಅಂದ್ರೆ? ಒಂದ್ ಗಂಟೆ ಕೆಲಸ."

"ತೊಳ್ಯಾಕ ಒಂದ್ ತಾಸು. ತಿರುಗಿ ಬೆಳ್ಯಾಕ ಐದ್ ವಾರ. ನಾ ಒಮ್ಮೆ ತೊಳದು ನೋಡೀನ್ರಿ."

ಅದು ನಿಜ. 1998ರ ಫೆಬ್ರವರಿ, ಈ ಶೆಡ್ಡಿನಲ್ಲಿ ಅವರ ಮೊದಲ ಚಳಿಗಾಲ. ಗಿರಣಿಯಲ್ಲಿ ಯಂತ್ರ ಹೊಳೆಯುವಂತೆ ಇಡುತ್ತಿದ್ದ ಕೈ ಸುಮ್ಮನಿರಲಿಲ್ಲ. ಯಾರೂ ಹೇಳದೆಯೇ ಒಂದು ಭಾನುವಾರ ನಾಲ್ಕೂ ಗಾಲಿ ಬಿಳಿಯಾಗುವಂತೆ ತೊಳೆದರು. ಸೋಮವಾರ ಎಲ್ಲರೂ ಹೊಗಳಿದರು. ಬುಧವಾರ ಅಮೋನಿಯಾ ಮೂವತ್ತೊಂದಕ್ಕೆ ಏರಿತು.

ಚಳಿಯಲ್ಲಿ ಈ ಹುಳ ಬೇಗ ಬೆಳೆಯುವುದಿಲ್ಲ. ಬೇರೊಂದು ಕೊಳೆನೀರು ಶುದ್ಧಿ ಘಟಕದಿಂದ ಏಳು ಡ್ರಮ್ ಕೆಸರನ್ನು ಹೆಪ್ಪಿನಂತೆ ತಂದು ಹಾಕಿದರೂ ಐದು ವಾರ ಹಿಡಿಯಿತು. ಅಲ್ಲಿಯವರೆಗೆ ಕೊಳೆನೀರು ಕಡಿಮೆ ಮಾಡಲು ಫ್ಯಾಕ್ಟರಿಯ ಎರಡನೇ ಶಿಫ್ಟು ನಿಲ್ಲಿಸಬೇಕಾಯಿತು. ಅರವತ್ತು ಜನ ಮನೆಗೆ ಹೋದರು. ಹೆಚ್ಚಿನವರು ಬೇಸ್‌ಮೆಂಟುಗಳಲ್ಲಿ ಬಾಡಿಗೆಗಿದ್ದ ಹೆಂಗಸರು. ಮುರಿಗೆಪ್ಪ ತಾವೇ ಆಗಿನ ಮ್ಯಾನೇಜರ್ ಬಳಿ ಹೋಗಿ ತಪ್ಪು ಒಪ್ಪಿಕೊಂಡರು. ಕೆಲಸ ಉಳಿಯಿತು; ಆ ವಾಸನೆಗೆ ಬೇರೆ ಯಾರೂ ಬರಲು ತಯಾರಿರಲಿಲ್ಲ. ಆಮೇಲೆ ಸಂಜೆ ಕ್ಲಾಸಿಗೆ ಹೋಗಿ ಕೊಳೆನೀರು ಶುದ್ಧಿಯ ಲೈಸೆನ್ಸ್ ಪರೀಕ್ಷೆ ಬರೆದರು. ಮೊದಲ ಸಲ ಫೇಲಾದರು.

ಹೆಂಡತಿ ಗುರುಬಸವ್ವ ಇನ್ನೂ ಆಡಿಕೊಳ್ಳುವುದನ್ನು ಬಿಟ್ಟಿಲ್ಲ: "ಮನ್ಯಾಗ ಒಂದ್ ತಾಟ ತೊಳ್ಯಾಂಗಿಲ್ಲ. ಅಲ್ಲಿ ಹೋಗಿ ಗಾಲಿ ತೊಳದು ಬಂದ್ರು!"

ಸತ್ಯಪ್ರಕಾಶ್ ಕಥೆಯನ್ನು ಪೂರ್ತಿ ಕೇಳುತ್ತಾರೆ, ಕರಗುವುದಿಲ್ಲ. "ಹಳೇ ಕಥೆ ಬಿಡಿ. ನಿಮ್ಮ ಕೈಲಾಗಲ್ಲ ಅಂದ್ರೆ ಬೇರೆಯವರ ಕೈಲಿ ಮಾಡಿಸ್ತೀನಿ. ಆಮೇಲೆ ನಿಮ್ ಶಿಫ್ಟನ್ನೂ ಅವ್ರಿಗೇ ಕೊಡ್ಬೇಕಾಗುತ್ತೆ."

"ಕೊಡ್ರಿ. ಆದ್ರ ವಾಷರಿನ ಪೈಪ್ ನನ್ನ ಲಾಕರಿನ್ಯಾಗ ಐತಿ. ಕೀಲಿ ಉಡದಾರಕ್ಕ ಕಟ್ಟೀನಿ. ಬಿಚ್ಚವ್ರು ಯಾರು?"

ಸತ್ಯಪ್ರಕಾಶ್‌ಗೆ ನಗು ಬರುತ್ತದೆ, ತಡೆದುಕೊಳ್ಳುತ್ತಾರೆ. ಮುರಿಗೆಪ್ಪ ಎರಡು ಸೀಸೆ ತಂದು ಅವರ ಮುಂದಿಡುತ್ತಾರೆ. ಒಂದರಲ್ಲಿ ಗಾಲಿಗೆ ಹೋಗುವ ಮುಂಚಿನ ನೀರು, ಇನ್ನೊಂದರಲ್ಲಿ ಗಾಲಿ ದಾಟಿ ಬಂದದ್ದು. ಎರಡಕ್ಕೂ ಪರೀಕ್ಷೆಯ ದ್ರಾವಣದ ಹನಿ ಬೀಳುತ್ತವೆ; ಅಮೋನಿಯಾ ಹೆಚ್ಚಿದ್ದಷ್ಟೂ ನೀರು ಹಳದಿಯಾಗುತ್ತದೆ. ಮೊದಲನೆಯದು ಅರಿಶಿನ ಕಲಸಿದಂತೆ ಆಗುತ್ತದೆ. ಎರಡನೆಯದು ಹೆಚ್ಚೂಕಡಿಮೆ ತಿಳಿಯಾಗಿಯೇ ಉಳಿಯುತ್ತದೆ.

"ಈ ಗಲೀಜೇನಾ ಇದನ್ನ ಮಾಡಿದ್ದು?"

"ಗಲೀಜ ಅನಬ್ಯಾಡ್ರಿ ಸರ್. ರಜಾ ಇಲ್ಲದ ದುಡೀತಾವ."

ಸತ್ಯಪ್ರಕಾಶ್ ಸೀಸೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. "ಸರಿ, ಹಾಗೇ ಇರ್ಲಿ. ನಾಳೆ ಅವ್ರು ಕೇಳಿದ್ರೆ ನೀವೇ ಹೇಳ್ಬೇಕು."

ಶುಕ್ರವಾರ ಮುರಿಗೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಾರೆ. ಹೇಳಬೇಕಾದ ಇಂಗ್ಲಿಷನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿದ್ದಾರೆ. ಹತ್ತೂವರೆಗೆ ನಾಲ್ವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಕರವಸ್ತ್ರದಿಂದ ಮೂಗು ಮುಚ್ಚಿಕೊಳ್ಳುತ್ತಾರೆ, ಅರ್ಧ ನಿಮಿಷದಲ್ಲಿ ಹೊರಟುಹೋಗುತ್ತಾರೆ. ಯಾರೂ ಏನೂ ಕೇಳುವುದಿಲ್ಲ.

ಮಧ್ಯಾಹ್ನ ಶಿಫ್ಟು ಮುಗಿಯುವ ಹೊತ್ತಿಗೆ, ಬೇಸರವೇ ಎಂದು ಕೇಳಿದರೆ ಮುರಿಗೆಪ್ಪ ಇಲ್ಲವೆಂದು ತಲೆಯಾಡಿಸುತ್ತಾರೆ. ದಾಖಲೆ ಪುಸ್ತಕ ತೆರೆದು ಆ ದಿನದ ಅಂಕಿ ಬರೆಯುತ್ತಾರೆ: 2.8. ಗೋಡೆಯಾಚೆ ಎರಡನೇ ಶಿಫ್ಟಿನ ಹೆಂಗಸರು ಬೂಟು ಕುಟ್ಟಿ ಹಿಮ ಕೊಡವುವ ಸದ್ದು.

"ಮೂಗ ಮುಚ್ಕೊಳ್ಳಲಿ ಬಿಡ್ರಿ," ಎನ್ನುತ್ತಾರೆ. "ಗಾಲಿಗೆ ಕೈ ಹಚ್ಚಲಿಲ್ಲಲ್ಲ, ಅಷ್ಟ ಸಾಕು."