ಅರವತ್ತು ತೋರಿಸಿದ ಮುಳ್ಳು

ಬೆಳಗಿನ ಹೊತ್ತು ಶಿರಾ ಗೇಟಿನ ಕಡೆ ನಡೆಯಲು ಹೋಗುವವರಿಗೆ ಹೊಸ ರಬ್ಬರಿನ ವಾಸನೆ ತಪ್ಪಿದ್ದಲ್ಲ. ಅದಕ್ಕೆ ಸಾಂಬ್ರಾಣಿಯ ಹೊಗೆಯೂ ಸೇರಿಕೊಂಡರೆ, ಮುಂದಿರುವುದು ಟೈರಿನ ಅಂಗಡಿಯೋ ದೇವಸ್ಥಾನವೋ ಎಂದು ಮೂಗಿಗೆ ಗೊಂದಲವಾಗುತ್ತದೆ. ಕಳೆದ ಶನಿವಾರ ಅಲ್ಲೊಂದು ಜೀಪು ಪೂಜೆ ಮಾಡಿಸಿಕೊಳ್ಳುತ್ತ ನಿಂತಿತ್ತು. ಕಂಪನಿಯವರು ಕೊಟ್ಟ ಟೈರು ಕಿತ್ತು, ನನ್ನ ಸೊಂಟದ ಹತ್ತಿರ ಬರುವ ಟೈರು ಕೂರಿಸಿದ್ದರು. ನಾಲ್ಕಕ್ಕೂ ಕುಂಕುಮ, ನಾಲ್ಕರ ಕೆಳಗೂ ನಿಂಬೆಹಣ್ಣು. ಮಾಲೀಕ ಕಂಬಿ ಹಿಡಿದು ಎರಡು ಸಲ ಜಿಗಿದು, ಮೂರನೆಯ ಸಲಕ್ಕೆ ಸೀಟು ಸೇರಿದ. ಕಾಡಾನೆ ಪಳಗಿಸಲು ಹೊರಟವನ ಗಾಂಭೀರ್ಯ ಮುಖದಲ್ಲಿತ್ತು. ಅವನು ಹೊರಟದ್ದು ಬಟವಾಡಿಗೆ, ಹಾಲು ಮೊಸರು ತರುವುದಕ್ಕೆ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ.

ನೀವೂ ಇಂಥವರನ್ನು ನೋಡಿರುತ್ತೀರಿ. ನಮ್ಮ ತುಮಕೂರಿನಲ್ಲಿ ಮರಳುಗಾಡಿಲ್ಲ, ಹಿಮ ಬೀಳುವುದಿಲ್ಲ. ಹೊಳೆಯೊಂದನ್ನು ದಾಟಬೇಕೆಂದರೆ ಮೊದಲು ಹೊಳೆಯನ್ನು ಹುಡುಕಿಕೊಂಡು ಹೋಗಬೇಕು. ಆದರೂ ಈ ಪಂಥಕ್ಕೆ ದಿನೇ ದಿನೇ ಭಕ್ತರು ಹೆಚ್ಚುತ್ತಿದ್ದಾರೆ. ನಮ್ಮ ಕುಟುಂಬದಿಂದ ಮೊದಲು ದೀಕ್ಷೆ ಪಡೆದವನು ನನ್ನ ಷಡ್ಡಕ ಪರಮೇಶಿ.

ಹೆಂಡತಿಯ ತಂಗಿಯ ಗಂಡನನ್ನು ಷಡ್ಡಕ ಎನ್ನುತ್ತಾರೆ. ಇದು ವಿಚಿತ್ರ ಸಂಬಂಧ. ಜಗಳವಾಡಲು ಹಕ್ಕಿಲ್ಲ, ಪ್ರೀತಿಸಲು ಕಾರಣವಿಲ್ಲ, ಪೈಪೋಟಿಗೆ ಮಾತ್ರ ಧಾರಾಳ ಅವಕಾಶ. ಪರಮೇಶಿಗೆ ಬಟವಾಡಿಯಲ್ಲಿ ನಲ್ಲಿ, ಪೈಪುಗಳ ಅಂಗಡಿ. ಎರಡು ವರ್ಷದ ಹಿಂದೆ ಜೀಪು ಕೊಂಡವನು ತಿಂಗಳೊಳಗೆ ಇಪ್ಪತ್ತೆಂಟು ಇಂಚಿನ ಚಕ್ರ ತೆಗೆಸಿ ಮೂವತ್ತೆರಡು ಇಂಚಿನದು ಹಾಕಿಸಿದ. ಯಾಕಪ್ಪಾ ಎಂದು ಕೇಳಿದೆ.

"ಲುಕ್ಕು ಬೇಕಣ್ಣಾ. ಲುಕ್ಕಿಲ್ಲ ಅಂದ್ರೆ ಆಟೋದವ್ನೂ ದಾರಿ ಬಿಡಲ್ಲ."

ಆಟೋದವನು ಆಮೇಲೂ ದಾರಿ ಬಿಡಲಿಲ್ಲ ಎಂಬುದು ಬೇರೆ ವಿಷಯ.

ಇನ್ನು ನಮ್ಮ ಮಾವನವರು. ಗುಬ್ಬಿಯವರು, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಕಾಲದ ಬಸ್ಸುಗಳಲ್ಲಿ ವೇಗ ತೋರಿಸುವ ಮುಳ್ಳು ಸೊನ್ನೆಯ ಮೇಲೆ ಮಲಗಿದರೆ ಮತ್ತೆ ಏಳುತ್ತಿರಲಿಲ್ಲವಂತೆ. ಹಾಗಾಗಿ ಅವರು ವೇಗವನ್ನು ಕಿವಿಯಿಂದಲೂ ಸೀಟಿನಿಂದಲೂ ತಿಳಿಯುತ್ತಿದ್ದರು, ರಸ್ತೆ ಬದಿಯ ಮರಗಳು ಹಿಂದೆ ಹೋಗುವ ಲಯದಿಂದಲೂ. ಕಾರಿನಲ್ಲಿ ಕೂತರೆ ಯಾರೂ ಕೇಳದಿದ್ದರೂ "ಐವತ್ತೈದು," "ಅರವತ್ತು" ಎಂದು ಗೊಣಗುವುದು ಅವರ ಚಾಳಿ. ಸಂಜೆ ಐದಾಯಿತೆಂದರೆ ಕೆರೆಯಾಚೆಯ ಮನೆಯಿಂದ ಮೊಪೆಡ್ ಏರಿ ಗುಬ್ಬಿ ಬಸ್ ಸ್ಟ್ಯಾಂಡಿಗೆ ಹೋಗಬೇಕು. ಅಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಐದಾರು ಮಂದಿ ಹಳೆಯ ಡ್ರೈವರುಗಳು ಕೂತು, ಈಗಿನ ಡ್ರೈವರುಗಳು ಬಸ್ಸು ತಿರುಗಿಸುವ ರೀತಿಯನ್ನು ಖಂಡಿಸುತ್ತಿದ್ದರು. ಅತ್ತೆಯವರು ತೀರಿಕೊಂಡ ಮೇಲೆ ಮಾವನವರ ದಿನವೆಂದರೆ ಆ ಒಂದು ಗಂಟೆ.

ಕುಣಿಗಲ್ಲಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ ಬಂತು. ಪರಮೇಶಿಯ ರಥದಲ್ಲೇ ಎಲ್ಲರೂ ಹೊರಟೆವು. ಮಾವನವರು ಮುಂದೆ, ನಾನು ಮತ್ತು ಅಕ್ಕತಂಗಿಯರು ಹಿಂದೆ. ಹೆಬ್ಬೂರು ದಾಟಿದ ಮೇಲೆ ಮಾವನವರು ಕಿಟಕಿಯ ಕಡೆಯೇ ನೋಡುತ್ತ, "ಅಳಿಯಂದ್ರೇ, ಅರವತ್ತೆಂಟರಲ್ಲಿ ಇದೀರಿ. ಈ ರೋಡಿಗೆ ಜಾಸ್ತಿಯಾಯ್ತು," ಎಂದರು.

"ಅರವತ್ತು ಮಾವ. ಮೀಟರ್ ನೋಡಿ ಬೇಕಾದ್ರೆ."

ಮಾವನವರು ಬಗ್ಗಿ ನೋಡಿದರು. ಮುಳ್ಳು ಅರವತ್ತರಲ್ಲೇ ಇತ್ತು. ಮತ್ತೆ ಕಿಟಕಿಯಾಚೆಯ ಮರಗಳನ್ನು ನೋಡಿ, "ಇಲ್ಲ ಬುಡಿ, ಅರವತ್ತೆಂಟು," ಎಂದರು.

"ನಿಮ್ ಕಾಲದ ಬಸ್ಸಲ್ಲ ಮಾವ ಇದು, ಸಸ್ಪೆನ್ಷನ್ ಬೇರೆ ಥರ. ನಿಮ್ಗೆ ಗೊತ್ತಾಗಲ್ಲ," ಎಂದು ಪರಮೇಶಿ ನಕ್ಕ. ನಾವೂ ನಕ್ಕೆವು. ಮುಂದಿನ ತಿರುವಿನಲ್ಲಿ ಮಾವನವರ ಬಲಗಾಲು ಬ್ರೇಕೇ ಇಲ್ಲದ ಜಾಗದಲ್ಲಿ ನೆಲ ಒತ್ತುತ್ತಿದ್ದುದನ್ನು ಹೆಣ್ಣುಮಕ್ಕಳು ನೋಡಿದರು. ರೋಗದ ಲಕ್ಷಣ ಕಂಡವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗೃಹಪ್ರವೇಶದ ಹೋಳಿಗೆ ತಿನ್ನುತ್ತಲೇ ಮಾವನವರ ವಿಚಾರಣೆ ಮುಗಿಯಿತು. "ಅಪ್ಪಂಗೆ ಸ್ಪೀಡೇ ಗೊತ್ತಾಗ್ತಿಲ್ಲ ಕಣೇ, ಮೊಪೆಡ್ ಹೆಂಗ್ ಓಡಿಸ್ತಾರೆ? ಎಲ್ಲಾದ್ರೂ ಬಿದ್ರೆ?" ಎಂದು ನಾದಿನಿ ಕಣ್ಣೊರೆಸಿಕೊಂಡಳು. ತೀರ್ಪಿಗಾಗಿ ಎಲ್ಲರೂ ನನ್ನ ಕಡೆ ನೋಡಿದರು, ಏಕೆಂದರೆ ನಾನು ಇಪ್ಪತ್ತಾರು ವರ್ಷದಿಂದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿರುವ ಪ್ರಾಣಿ. ಎಲೆಯ ಮುಂದೆ ನೆಟ್ಟಗೆ ಕೂತು ಅಪ್ಪಣೆ ಕೊಡಿಸಿದೆ: "ನೋಡಿ ಮಾವ, ಉಪಕರಣಕ್ಕೆ ವಯಸ್ಸಾಗಲ್ಲ, ಮನುಷ್ಯನ ಇಂದ್ರಿಯಗಳಿಗೆ ಆಗುತ್ತೆ. ಇದರಲ್ಲಿ ಬೇಜಾರು ಮಾಡ್ಕೊಳ್ಳೋದೇನಿಲ್ಲ."

ಈ ವಾಕ್ಯವನ್ನು ಹೇಳುವಾಗ ನನ್ನ ಬಾಯಲ್ಲಿ ಹೋಳಿಗೆಯಿತ್ತು ಎಂಬುದನ್ನು ದಾಖಲಿಸಬೇಕು.

ಮಾವನವರು ಕೈ ತೊಳೆದು ಬಂದು, ಅಂಗಿಯ ಜೇಬಿನಿಂದ ಮೊಪೆಡ್ಡಿನ ಕೀ ತೆಗೆದು ನನ್ನ ಕೈಗಿಟ್ಟರು. ಅವತ್ತಿನಿಂದ ಬಸ್ ಸ್ಟ್ಯಾಂಡಿನ ಬೆಂಚಿಗೆ ಹೋಗುವುದನ್ನೂ ಬಿಟ್ಟರು. ಮಗಳು ಫೋನು ಮಾಡಿದರೆ ಕಾಲುನೋವು ಎನ್ನುತ್ತಿದ್ದರು. ವಯಸ್ಸು ನೋಡಿ ಎಂದು ನಾವು ಗಂಭೀರವಾಗಿ ತಲೆಯಾಡಿಸಿದೆವು.

ನಾಲ್ಕು ತಿಂಗಳಾದ ಮೇಲೆ ದೇವರಾಯನದುರ್ಗದ ಏರಿನಲ್ಲಿ ಪರಮೇಶಿಯ ರಥ ನಿಂತಿತು. ಜೊತೆಗೆ ನಾನಿದ್ದೆ. ಎಂಜಿನ್ನು ಕೂಗಿದ್ದೇ ಕೂಗಿದ್ದು, ಗಾಡಿ ಮಾತ್ರ ಆಮೆಯ ಹಾಗೆ ತೆವಳಿತು. ಆಮೇಲೆ ಸುಟ್ಟ ವಾಸನೆ ಬಂದು, ತೆವಳುವುದೂ ನಿಂತಿತು. ಎಳೆಸಿಕೊಂಡು ಕ್ಯಾತ್ಸಂದ್ರದ ಮೆಕ್ಯಾನಿಕ್ ಒಬ್ಬರ ಹತ್ತಿರ ತಂದೆವು. ಐವತ್ತು ದಾಟಿದ ಮನುಷ್ಯ. ಬಾನೆಟ್ ಕೂಡ ಎತ್ತದೆ ಟೈರನ್ನು ಒಮ್ಮೆ ಕಾಲಿನಿಂದ ತಟ್ಟಿ, "ಕ್ಲಚ್ ಪ್ಲೇಟ್ ಹೋಗ್ಬುಟ್ಟದೆ," ಎಂದರು.

"ನೋಡ್ದೆ ಹೆಂಗ್ ಹೇಳ್ತೀರಿ?" ಎಂದ ಪರಮೇಶಿ.

"ಇದ್ನ ನೋಡಿದ್ಮೇಲೆ ಇನ್ನೇನ್ ನೋಡೋದು ಸಾರ್? ಗೇರ್ ಬಾಕ್ಸ್ ಮಾಡ್ದವ್ನು ಚಿಕ್ ಚಕ್ರ ಅಂದ್ಕೊಂಡು ಮಾಡವ್ನೆ. ನೀವ್ ದೊಡ್ದು ಹಾಕಿದೀರಿ. ಫಸ್ಟ್ ಗೇರಲ್ಲಿ ಇದ್ರೂ ಗಾಡಿಗೆ ಫಸ್ಟಿನ ಎಳೆತ ಇರಲ್ಲ. ಏರಲ್ಲಿ ಎಳೆಯಲ್ಲ ಅಂತ ನೀವು ಕ್ಲಚ್ ಅರ್ಧ ತುಳ್ಕೊಂಡು ರೇಸ್ ಕೊಡ್ತೀರಿ. ಸುಡ್ದೆ ಇನ್ನೇನಾಗ್ತದೆ? ಮೀಟರ್ ಕಥೆನೂ ಅದೇ. ಅದು ಎಣಿಸೋದು ಚಕ್ರದ ಸುತ್ತು, ರೋಡಲ್ಲ. ಒಂದೊಂದ್ ಸುತ್ತಿಗೂ ದೊಡ್ ಚಕ್ರ ಜಾಸ್ತಿ ದೂರ ಹೋಗ್ತದೆ, ಮೀಟ್ರಿಗೆ ಅದು ಗೊತ್ತಾಗಲ್ಲ. ಅರವತ್ತು ಅಂತ ಅದು ತೋರಿಸ್ವಾಗ ನೀವು ಅರವತ್ತೆಂಟು, ಅರವತ್ತೊಂಬತ್ತರಲ್ಲಿ ಇರ್ತೀರಿ."

ಅರವತ್ತೆಂಟು. ನಾನು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತೆ.

"ಹಂಗಾದ್ರೆ ಗಾಡಿ ಸ್ಪೀಡ್ ಜಾಸ್ತಿಯಾಗಿದೆ ಅಂತಾಯ್ತು," ಎಂದ ಪರಮೇಶಿ. ಅವನ ಮುಖದಲ್ಲಿ ನಿಜವಾಗಿ ಸಂತೋಷವಿತ್ತು. ಮೆಕ್ಯಾನಿಕ್ ಅವನನ್ನು ಬಿಟ್ಟು ನನ್ನ ಕಡೆ ತಿರುಗಿ, "ತಾವೇನ್ ಮಾಡ್ಕೊಂಡಿದೀರಿ ಸಾರ್?" ಎಂದು ಕೇಳಿದರು.

"ಫಿಸಿಕ್ಸ್ ಮೇಷ್ಟ್ರು."

ಅವರು ಸ್ಪ್ಯಾನರ್ ಹುಡುಕಲು ಒಳಗೆ ಹೋದರು.

ಚಕ್ರ ಒಂದು ಸುತ್ತು ತಿರುಗಿದರೆ ಕ್ರಮಿಸುವ ದೂರ ಅದರ ಪರಿಧಿಯಷ್ಟು ಎಂದು ವರ್ಷಕ್ಕೊಮ್ಮೆ ತಪ್ಪದೆ ಬೋರ್ಡಿನ ಮೇಲೆ ಬರೆದವನು ನಾನು. ಪರೀಕ್ಷೆಯಲ್ಲಿ ಅದನ್ನು ಬರೆಯದವರ ಅಂಕ ಕಳೆದಿದ್ದೇನೆ. ಪರಮೇಶಿಯನ್ನು ಹಂಗಿಸುವುದು ಸುಲಭ, ಅವನು ನಲ್ಲಿ ಮಾರುವವನು. ನನಗೆ ಏನಾಗಿತ್ತು? ಗಾಡಿ ಹತ್ತುವಾಗ ಆ ಚಕ್ರ ನನ್ನ ಪ್ಯಾಂಟಿಗೆ ಉಜ್ಜಿತ್ತು. ಅದನ್ನು ನೋಡಿ ಹಾಸ್ಯ ಮಾಡಿದೆನೇ ಹೊರತು ಯೋಚನೆ ಮಾಡಲಿಲ್ಲ. ಮುಳ್ಳು ಹೇಳಿದ್ದು ವಿಜ್ಞಾನ, ಮುದುಕರು ಹೇಳಿದ್ದು ಮರೆವು ಎಂದು ಮೊದಲೇ ತೀರ್ಮಾನವಾಗಿತ್ತು.

ಮರುದಿನವೇ ಕೀ ತೆಗೆದುಕೊಂಡು ಗುಬ್ಬಿಗೆ ಹೋದೆ. ಮಾವನವರು ಜಗಲಿಯ ಮೇಲೆ ಕೂತಿದ್ದರು. ಎಲ್ಲವನ್ನೂ ಹೇಳಿ ತಪ್ಪಾಯಿತು ಎಂದೆ. ಅವರು ಕೀ ಮುಟ್ಟಲಿಲ್ಲ.

"ನೀವೇ ಇಟ್ಕೊಳಿ ಅಳಿಯಂದ್ರೇ. ಈಗ ಬಸ್ ಹತ್ತಿದ್ರೂ ಡ್ರೈವರ್ ಹಿಂದ್ಗಡೆ ಕೂತು ಮೀಟರ್ ನೋಡ್ತೀನಿ. ಮೊದ್ಲು ನೋಡ್ತಿರ್ಲಿಲ್ಲ. ನಂಗೇ ಅನ್ಮಾನ ಬಂದ್ಬುಟ್ಟದೆ. ಅನ್ಮಾನ ಇಟ್ಕೊಂಡು ಗಾಡಿ ಓಡಿಸ್ಬಾರ್ದು."

ನಾಲ್ಕು ತಿಂಗಳು ನಾವೆಲ್ಲ ಸೇರಿ ಹೇಳಿದ್ದನ್ನು ಅವರು ಕೊನೆಗೆ ನಂಬಿದ್ದರು. ಅದನ್ನು ವಾಪಸ್ಸು ತೆಗೆದುಕೊಳ್ಳುವ ಯಾವ ಸೂತ್ರವೂ ನನ್ನ ಶಾಸ್ತ್ರದಲ್ಲಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ನನ್ನ ಚಿಕ್ಕ ಕಾರಿನಲ್ಲಿ ಅವರನ್ನು ತುಮಕೂರಿಗೆ ಕರೆತಂದು, ಊಟವಾದ ಮೇಲೆ ಗುಬ್ಬಿಗೆ ಬಿಟ್ಟು ಬರುತ್ತೇನೆ. ದಾರಿಯಲ್ಲಿ "ಎಷ್ಟಿರಬಹುದು ಮಾವ?" ಎಂದು ಕೇಳುತ್ತೇನೆ. ಒಂದು ವರ್ಷಕ್ಕೂ ಮೇಲಾಯಿತು. ಅವರು ಮೊದಲು ಕತ್ತು ಚಾಚಿ ಮೀಟರು ನೋಡಿ, ಆಮೇಲೆ ಅದರಲ್ಲಿದ್ದದ್ದನ್ನೇ ಹೇಳುತ್ತಿದ್ದರು. ಶಾಲೆಯ ಮಗು ಕಾಪಿ ಹೊಡೆದ ಹಾಗೆ.

ಶಿರಾ ಗೇಟಿನ ಆ ಪೂಜೆ ನೋಡಿದ ಮರುದಿನವೂ ಭಾನುವಾರದ ಅದೇ ಪ್ರಯಾಣ. ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿದೆ. ಮಾವನವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಐವತ್ತೆರಡು. ಮೂರನೇ ಗೇರಲ್ಲಿ ಇಟ್ಕೊಂಡು ಯಾಕೆ ಅದರ ಪ್ರಾಣ ತೆಗೀತಿದೀರಿ? ನಾಕಕ್ಕೆ ಹಾಕಿ. ಅಷ್ಟೂ ಕೇಳ್ಸಲ್ವಾ ಕಿವಿಗೆ?"

ಆ ಮಾತಿನಲ್ಲಿ ಶುದ್ಧವಾದ ತಿರಸ್ಕಾರವಿತ್ತು. ನಾನು ನಾಲ್ಕಕ್ಕೆ ಹಾಕಿದೆ. ಮುಳ್ಳಿನ ಕಡೆ ನೋಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವರು ಕೈ ಚಾಚಿ, "ಕೀ ತಂದಿದೀರಾ?" ಎಂದರು.